ಎರಡನೇ ಸಲ ಬರೆದ ಪತ್ರ

ಮಂಗಳೂರಿನ ಬಂದರು ಪ್ರದೇಶದ ಒಂದು ವ್ಯಾಪಾರಿ ಕಚೇರಿಯ ಹಳೆಯ ವಿಂಡೋಸ್ ಸರ್ವರಿನಿಂದ ಹೊಸ ಲಿನಕ್ಸ್ ಸ್ಟೋರೇಜಿಗೆ 1.4 ಟಿಬಿಯಷ್ಟು ಕಡತಗಳನ್ನು ಸಾಗಿಸಲು ಕಳೆದ ಶನಿವಾರ ರಾತ್ರಿ, ಕಡತಗಳನ್ನು ರಾಶಿಗಟ್ಟಲೆ ನಕಲಿಸುವ ವಿಂಡೋಸಿನ ಆದೇಶವಾದ ರೋಬೋಕಾಪಿಯನ್ನು ಹಚ್ಚಿಟ್ಟು ಮನೆಗೆ ಹೋಗಿದ್ದೆ. ಭಾನುವಾರ ಬೆಳಿಗ್ಗೆ ಬಂದು ನೋಡಿದರೆ ಪರದೆಯ ಮೇಲೆ ಒಂದೇ ಸಾಲು ಮತ್ತೆ ಮತ್ತೆ ಮೂಡುತ್ತಿತ್ತು: ‘ವೇಟಿಂಗ್ 30 ಸೆಕೆಂಡ್ಸ್... ರಿಟ್ರೈಯಿಂಗ್...’ ಯಾವ ಕಡತಕ್ಕಾಗಿ ಈ ತಪಸ್ಸು ಎಂದು ಓದುವಂತೆಯೂ ಇರಲಿಲ್ಲ. ಆ ಕಪ್ಪು ಪರದೆಯಲ್ಲಿ ಕನ್ನಡದ ಹೆಸರೆಲ್ಲ ಬರೀ ಚೌಕಗಳಾಗಿದ್ದವು.

ನಾವಾಗಿ ಬೇರೆ ಹೇಳದಿದ್ದರೆ ರೋಬೋಕಾಪಿ ನಕಲಾಗದ ಕಡತವನ್ನು ಹತ್ತು ಲಕ್ಷ ಸಲ, ಪ್ರತಿ ಸಲವೂ 30 ಸೆಕೆಂಡು ಕಾದು, ಮತ್ತೆ ಪ್ರಯತ್ನಿಸುತ್ತದೆ. ಲೆಕ್ಕ ಹಾಕಿದರೆ 347 ದಿನ. ಎರಡು ಸಲ ಸಾಕು, ಐದು ಸೆಕೆಂಡು ಸಾಕು ಎಂದು ಆದೇಶದಲ್ಲೇ ಬರೆಯಬೇಕೆಂದು ಹೊಸ ಹುಡುಗರಿಗೆ ಪಾಠ ಮಾಡುವವನು ನಾನೇ. ಗುರಿಯನ್ನು ಮೂಲದ ಪಡಿಯಚ್ಚಾಗಿಸುವ ಮಿರರ್ ಆಯ್ಕೆಯಲ್ಲಿ ಮೂಲವೂ ಗುರಿಯೂ ಅದಲುಬದಲಾದರೆ ಇದ್ದದ್ದೂ ಅಳಿದುಹೋಗುತ್ತದೆಂಬ ಭಯದಲ್ಲಿ ಆ ಒಂದು ಸಾಲನ್ನು ಮೂರು ಸಲ ಓದಿದ್ದೆ. ಇದನ್ನು ಮಾತ್ರ ಬಿಟ್ಟಿದ್ದೆ.

ಯೋಜನೆಯಲ್ಲಿ ಕೊರತೆ ಇತ್ತೆಂದು ಯಾರೂ ಹೇಳಲಾರರು. ಒಂದು ಗಿಗಾಬಿಟ್ ತಂತಿಯಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಸಾಗಿದರೆ ಮೂರೂವರೆ ಗಂಟೆಯ ಕೆಲಸ. ಆದರೆ ಸಣ್ಣ ಕಡತಗಳು ಲಕ್ಷಗಟ್ಟಲೆ ಇದ್ದಾಗ ಪ್ರತಿಯೊಂದನ್ನೂ ತೆರೆದು, ಬರೆದು, ದಿನಾಂಕ ಮತ್ತು ಅನುಮತಿಗಳನ್ನು ಹೊಂದಿಸಿ ಮುಚ್ಚುವುದರಲ್ಲೇ ಹೊತ್ತು ಹೋಗುವುದರಿಂದ ಇಡೀ ರಾತ್ರಿಯನ್ನು ಮೀಸಲಿಟ್ಟಿದ್ದೆ. ಭಾನುವಾರ ಬದಲಾದಷ್ಟನ್ನು ಮಾತ್ರ ಮತ್ತೊಮ್ಮೆ ನಕಲಿಸಿ ಸೋಮವಾರ ಹೊಸದಕ್ಕೆ ಬದಲಾಯಿಸುವುದೆಂದು ಗೊತ್ತಾಗಿತ್ತು. ಹೊಸ ಸ್ಟೋರೇಜ್ ಪೆಟ್ಟಿಗೆಗೆ ತಕರಾರಿಲ್ಲದೆ ಹಣ ಕೊಟ್ಟ ಮಾಲಕರು ಈ ಎರಡು ದಿನಕ್ಕೆ ಮಾತ್ರ ಮುಖ ಸಿಂಡರಿಸಿದ್ದರು: “ಕಾಪಿ, ಪೇಸ್ಟಿಗೆ ಎರಡು ದಿನವಾ?”

ರೋಬೋಕಾಪಿಯ ಲಾಗನ್ನು, ಅಂದರೆ ಅದರ ಕೆಲಸದ ದಾಖಲೆಯನ್ನು, ಯುನಿಕೋಡಿನಲ್ಲಿ ಬರೆಸಿದ ಮೇಲೆ ಹೆಸರು ಸಿಕ್ಕಿತು: ‘2019ರ ಮಳೆಗಾಲದಲ್ಲಿ ನೀರು ನುಗ್ಗಿ ಹಾಳಾದ ಗೋದಾಮಿನ ವಿಮೆ ಪರಿಹಾರಕ್ಕಾಗಿ ಎರಡನೇ ಸಲ ಬರೆದ ಪತ್ರ ಸಾಹೇಬರು ತಿದ್ದಿದ್ದು.docx’. ವಿಂಡೋಸ್ ಒಂದು ಹೆಸರಿಗೆ 255 ಸಂಕೇತಗಳ ಜಾಗ ಕೊಡುತ್ತದೆ. ಅದರ ಲೆಕ್ಕದಲ್ಲಿ ಇದು ಬರೀ 104. ಲಿನಕ್ಸಿನ ಮಿತಿಯೂ 255, ಆದರೆ ಅದು ಬೈಟುಗಳ ಮಿತಿ. ಅಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೆ, ಗುಣಿತದ ಕೊಂಬಿಗೆ ಮೂರು ಮೂರು ಬೈಟು, ಒತ್ತಿಗೆ ಆರು ತಗಲುವುದರಿಂದ ಇದೇ ಹೆಸರು 268 ಆಗುತ್ತದೆ. ಇಂಥವು ಒಟ್ಟು 37 ಇದ್ದವು, ಎಲ್ಲವೂ ಒಬ್ಬರವೇ.

ಉಳಿದದ್ದೆಲ್ಲ ಭಾನುವಾರ ರಾತ್ರಿಯೊಳಗೆ ಸಾಗಿತು. ಸೋಮವಾರ ಆ ಹಿರಿಯ ಗುಮಾಸ್ತೆಯವರ ಮೇಜಿನ ಬಳಿ ಹೋಗಿ, “ಅಕ್ಕಾ, ಹೆಸರು ಸ್ವಲ್ಪ ಗಿಡ್ಡ ಮಾಡುತ್ತೇನೆ” ಎಂದೆ. ಅವರು ತಲೆ ಎತ್ತದೆ ಕೇಳಿದರು: “ಮತ್ತೆ ಹುಡುಕುವುದು ಯಾರು, ನೀವಾ?”

ಈ ವಾರವಿಡೀ ಆ ಮಾತು ಕಿವಿಯಲ್ಲೇ ಇದೆ. ಕಡತದ ಗಾತ್ರ, ದಿನಾಂಕ, ಅನುಮತಿ, ತೆರೆದೇ ಇರುವ ಕಡತಗಳು, ಎಲ್ಲಕ್ಕೂ ನನ್ನ ಪಟ್ಟಿಯಲ್ಲಿ ಒಂದೊಂದು ಕಾಲಂ ಇತ್ತು. ಜನ ಅದನ್ನು ಹೇಗೆ ಹುಡುಕುತ್ತಾರೆ ಎಂಬುದಕ್ಕೆ ಇರಲಿಲ್ಲ. ಆ ಅಕ್ಕ ಫೋಲ್ಡರನ್ನು ತೆರೆಯುವುದೇ ಇಲ್ಲ. ಹುಡುಕುವ ಪೆಟ್ಟಿಗೆಯಲ್ಲಿ ‘ಎರಡನೇ ಸಲ’ ಎಂದು ಟೈಪು ಮಾಡುತ್ತಾರೆ, ಪತ್ರ ಬರುತ್ತದೆ. ಆ ಕಚೇರಿಯಲ್ಲಿ ಹಳೆಯ ಕಾಗದ ಬೇಕಾದಾಗ ಮಾಲಕರೂ ಅವರನ್ನೇ ಕರೆಯುವುದು. ಸಾಹೇಬರು ತಿದ್ದಿದ ಪ್ರತಿ ಯಾವುದು, ತಿದ್ದದ್ದು ಯಾವುದು ಎಂಬುದು ಆ ಹೆಸರಿನ ಹೊರತು ಇನ್ನೆಲ್ಲಿಯೂ ದಾಖಲಾಗಿಲ್ಲ. ನಾನದನ್ನು ಶಿಸ್ತಿಲ್ಲದ ಅಭ್ಯಾಸವೆಂದು ಭಾನುವಾರ ಮನಸ್ಸಿನಲ್ಲೇ ಬೈದುಕೊಂಡಿದ್ದೆ.

ಮಂಗಳವಾರ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತು ಮೂವತ್ತೇಳನ್ನೂ ಒಂದೊಂದಾಗಿ ತಿದ್ದಿದೆವು. ಆ ಪತ್ರದ ಸರದಿ ಬಂದಾಗ ಕೊನೆಯ ಎರಡು ಪದ ತೆಗೆಯೋಣವೇ ಎಂದೆ.

“ಅದು ಇರಲಿ ಮಾರಾಯ್ರೆ, ಅದೇ ಮುಖ್ಯ. ‘ಮಳೆಗಾಲದಲ್ಲಿ’ ತೆಗೆಯಿರಿ. ನಮ್ಮಲ್ಲಿ ನೀರು ಮತ್ತೆ ಯಾವಾಗ ನುಗ್ಗುವುದು?”

ತೆಗೆದೆ. 234 ಬೈಟ್ ಆಯಿತು.