ಕಳೆದ ತಿಂಗಳು ಎಷ್ಟು ಲಿಂಕ್ ಆಯಿತು?

ತುಮಕೂರು ಜಿಲ್ಲೆಯ ಸಣ್ಣ ವ್ಯಾಪಾರಿಗಳ ವೆಬ್‌ಸೈಟ್‌ಗಳು ಗೂಗಲ್ ಹುಡುಕಾಟದಲ್ಲಿ ಮೇಲೆ ಬರುವಂತೆ ಮಾಡುವುದು ನನ್ನ ವೃತ್ತಿ. ಅದಕ್ಕೆ ನೆರವಾಗುವುದು ಲಿಂಕ್, ಅಂದರೆ ಬೇರೆ ಸೈಟುಗಳಿಂದ ನಮ್ಮ ಸೈಟಿಗೆ ಬರುವ ಕೊಂಡಿ. ತಿಂಗಳ ವರದಿ ತಲುಪಿದೊಡನೆ ಎಲ್ಲರೂ ಕೇಳುವುದು ಇದನ್ನೇ: ‘ಕಳೆದ ತಿಂಗಳು ಎಷ್ಟು ಲಿಂಕ್ ಆಯಿತು ಸಾರ್? ಮೊದಲ ಪುಟದಲ್ಲೇ ಯಾಕೆ ಬರೆದಿಲ್ಲ?’

ಆ ಸಂಖ್ಯೆಯನ್ನು ನಾನು ಮುಚ್ಚಿಡುವುದಿಲ್ಲ, ಕೊನೆಯ ಪುಟದಲ್ಲಿ ಕೊಡುತ್ತೇನೆ. ದುಡ್ಡು ಚೆಲ್ಲಿದರೆ ಲಿಂಕುಗಳು ನೂರುಗಟ್ಟಲೆ ಸಿಗುತ್ತವೆ; ಅಂಥವನ್ನು ಹತ್ತಿಕ್ಕಲೆಂದೇ ಗೂಗಲ್ 2012ರ ಏಪ್ರಿಲ್‌ನಲ್ಲಿ ಪೆಂಗ್ವಿನ್ ಎಂಬ ಬದಲಾವಣೆಯನ್ನು ತಂದಿತು, 2016ರಲ್ಲಿ ಅದನ್ನು ತನ್ನ ಮೂಲ ವ್ಯವಸ್ಥೆಯೊಳಗೇ ಸೇರಿಸಿಕೊಂಡಿತು. ಗೂಗಲ್ ಎಣಿಸದೆ ಬಿಟ್ಟದ್ದನ್ನು ನಾನು ಎಣಿಸಿಕೊಟ್ಟರೆ ವರದಿ ದಪ್ಪವಾಗುತ್ತದೆ, ಅಷ್ಟೆ.

ಅದರ ಬದಲು ಪ್ರತಿ ಹೊಸ ಲಿಂಕಿಗೂ ಒಂದು ಸಾಲು ಬರೆಯುತ್ತೇನೆ: ಯಾವ ಸೈಟಿನಿಂದ ಬಂತು, ನಮ್ಮ ಯಾವ ಪುಟಕ್ಕೆ, ಯಾವ ಪದಗಳ ಮೇಲೆ, ಅದಕ್ಕೆ ನೋಫಾಲೋ ಗುರುತು (ಈ ಲಿಂಕನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಗೂಗಲ್‌ಗೆ ಕೊಡುವ ಸೂಚನೆ) ಇದೆಯೇ, ಅದನ್ನು ಪಡೆದದ್ದು ಹೇಗೆ. ಕಳೆದುಹೋದ ಲಿಂಕುಗಳನ್ನೂ ಹೀಗೆಯೇ ಬರೆಯುತ್ತೇನೆ. ತಿಪಟೂರಿನ ಕೊಬ್ಬರಿ ವ್ಯಾಪಾರಿಯೊಬ್ಬರ ಸೈಟಿಗೆ ಕೃಷಿ ಲೇಖನವೊಂದರಿಂದ ಇದ್ದ ಒಳ್ಳೆಯ ಲಿಂಕ್, ಆ ಲೇಖನವಿದ್ದ ಜಾಲತಾಣವನ್ನು ಹೊಸದಾಗಿ ಕಟ್ಟುವಾಗ ಬಿದ್ದುಹೋಗಿತ್ತು. ವರದಿಗೆಂದು ಹುಡುಕಿದ್ದರಿಂದಲೇ ಅದು ನನ್ನ ಕಣ್ಣಿಗೆ ಬಿದ್ದು, ಒಂದು ಇಮೇಲ್‌ನಿಂದ ಮರಳಿ ದಕ್ಕಿತು. ಸೈಟಿನ ಬಲಕ್ಕೆ ಕೊಡುವ ಅಂಕವಾದ ಡೊಮೈನ್ ಅಥಾರಿಟಿ ಮಾತ್ರ ಮೂಲೆಯಲ್ಲಿ ಸಣ್ಣಕ್ಷರದಲ್ಲಿರುತ್ತದೆ. ಅದು ಮಾಜ್ ಕಂಪನಿಯ ಅಂದಾಜೇ ಹೊರತು ಗೂಗಲ್ಲಿನ ಅಳತೆಯಲ್ಲ, ಆದರೂ ಮನೆಯಲ್ಲಿ ಕಂಪ್ಯೂಟರ್ ಬಲ್ಲ ಅಳಿಯ ಒಬ್ಬನಿದ್ದರೆ ಕೇಳಿಯೇ ಕೇಳುತ್ತಾನೆ.

ಹೆಚ್ಚು ಎಚ್ಚರ ಬೇಕಾಗಿರುವುದು ಫಲಿತಾಂಶವನ್ನು ಬರೆಯುವಾಗ. ಸಂಕ್ರಾಂತಿಯ ಎಳ್ಳು-ಬೆಲ್ಲಕ್ಕೆ ಕೊಬ್ಬರಿ ಬೇಕು. ಆ ದಿನಗಳಲ್ಲಿ ಹುಡುಕಾಟ ಏರಿದರೆ ಅದು ನನ್ನ ಲಿಂಕುಗಳ ಪ್ರತಾಪವೆಂದು ಬರೆದುಕೊಳ್ಳುವುದು ಸುಲಭ, ಫೆಬ್ರುವರಿಯಲ್ಲಿ ಇಳಿದಾಗ ಸಬೂಬು ಹುಡುಕುವುದು ಕಷ್ಟ. ಆದ್ದರಿಂದ ಹಿಂದಿನ ತಿಂಗಳಿನೊಡನೆ ಹೋಲಿಸದೆ ಹಿಂದಿನ ವರ್ಷದ ಅದೇ ತಿಂಗಳಿನೊಡನೆ ಹೋಲಿಸುತ್ತೇನೆ. ಸೈಟು ಹುಡುಕಾಟದಲ್ಲಿ ಎಷ್ಟು ಕಂಡಿತೆಂದು ತೋರಿಸುವ ಗೂಗಲ್ಲಿನ ಸಾಧನ ಸರ್ಚ್ ಕನ್ಸೋಲ್ 16 ತಿಂಗಳ ಅಂಕಿಗಳನ್ನು ಇಟ್ಟುಕೊಳ್ಳುವುದರಿಂದ ಇದು ಸಾಧ್ಯ. ಲಿಂಕ್ ಬಂದ ತಿಂಗಳಲ್ಲೇ ಅದರ ಫಲ ಕಾಣುವುದು ಅಪರೂಪವೆಂಬುದನ್ನು, ಕಾಯಿಯನ್ನು ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಹತ್ತಿರ ಕಾಯುವ ಕೊಬ್ಬರಿಯವರಿಗೆ ಬಿಡಿಸಿ ಹೇಳಬೇಕಾಗಿ ಬಂದದ್ದಿಲ್ಲ.

ಒಂದೂ ಹೊಸ ಲಿಂಕ್ ಸಿಗದ ತಿಂಗಳುಗಳೂ ಇರುತ್ತವೆ. ಆಗ ಮಾತ್ರ ಸಂಖ್ಯೆ ಮೊದಲ ಸಾಲಿಗೇ ಬರುತ್ತದೆ: ‘ಈ ತಿಂಗಳು ಸೊನ್ನೆ.’ ಅದರ ಕೆಳಗೆ ಲಿಂಕ್ ಕೇಳಿ ಯಾರ್ಯಾರಿಗೆ ಬರೆದೆ, ಯಾರು ಉತ್ತರಿಸಿದರು ಎಂಬ ಪಟ್ಟಿ, ಆಮೇಲೆ ನನ್ನ ಬಿಲ್ಲು.