ಹಿತ್ತಲ ಶವರ್: ನಾಲ್ಕು ಭಾನುವಾರಗಳ ಕೆಲಸ

ಸಿಂಧನೂರು ಸೀಮೆಯ ಭತ್ತದ ಮನೆಗಳಿಗೆ ಇದನ್ನು ಹೇಳಬೇಕಿಲ್ಲ: ರಾಶಿಯ ದಿನ ಜುಂಗು ಮೈಗೆ ಹತ್ತಿದರೆ ರಾತ್ರಿಯಿಡೀ ತುರಿಕೆ. ಅಪ್ಪ ಆ ಧೂಳಿನಲ್ಲೇ ಪಡಸಾಲೆ ದಾಟಿ ಬಚ್ಚಲಿಗೆ ಹೋಗಬೇಕು. ಈ ವರ್ಷ ಬಲಭುಜ ಹಿಡಿದುಕೊಂಡಿದೆ, ಚೊಂಬು ತಲೆಯ ಮೇಲಕ್ಕೆ ಏಳುವುದಿಲ್ಲ. ಬೇಸಿಗೆ ಬೆಳೆಯ ಕೊಯ್ಲಿನೊಳಗೆ ಹಿತ್ತಲಲ್ಲಿ ಶವರ್ ಆಗಲೇಬೇಕು ಎಂದು ಹಿಡಿದು ಕೂತೆ.

ಮೊದಲ ಭಾನುವಾರ ನೆಲದ ಕೆಲಸ. ನಾಲ್ಕು ಅಡಿ ಚೌಕಕ್ಕೆ ಶಹಾಬಾದಿ ಪರಸಿ ಹಾಸಿದೆ, ಜಾರದಿರಲೆಂದು ಒರಟು ಮುಖ ಮೇಲೆ. ನಾಲ್ಕು ಅಡಿಗೆ ಒಂದು ಇಂಚು ಇಳಿಜಾರು ಕೊಟ್ಟು ನೀರನ್ನು ಬಾಳೆಯ ಬುಡಕ್ಕೆ ತಿರುಗಿಸಿದೆ.

ಎರಡನೇ ವಾರ ಮಾಳಿಗೆಯ ಟ್ಯಾಂಕಿನಿಂದ ಅರ್ಧ ಇಂಚಿನ ಸಿಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ ಪೈಪು ಎಳೆದೆ. ಶವರ್ ತೋಳು ಬಿಗಿಯುವಾಗ ಪ್ಲಾಸ್ಟಿಕ್ ಎಲ್ಬೋದ, ಅಂದರೆ ಪೈಪು ತಿರುಗುವ ಮೂಲೆಯ ಜೋಡಣೆಯ, ತಿರುಪಿನ ಮರೆ ಸೀಳಿತು. ಅಲ್ಲಿಗೆ ಹಿತ್ತಾಳೆ ಮರೆಯದ್ದೇ ಬೇಕು, ನಲವತ್ತು ಐವತ್ತು ರೂಪಾಯಿ ಉಳಿಸಲು ಹೋಗಬೇಡಿ. ಅದನ್ನು ಬದಲಿಸಿ ನೀರು ಬಿಟ್ಟರೆ ಮಳೆ ನಿಂತ ಮೇಲಿನ ಸೂರಿನ ಹನಿ! 15 ಲೀಟರ್ ಬಕೆಟ್ ತುಂಬಲು ಏಳು ನಿಮಿಷ. ಆ ರಾತ್ರಿ ನಿದ್ದೆ ಬರಲಿಲ್ಲ.

ಕೂತು ಲೆಕ್ಕ ಹಾಕಿದೆ. ಟ್ಯಾಂಕಿನ ತಳ ನೆಲದಿಂದ 13 ಅಡಿ, ಶವರ್ ಬಾಯಿ 7 ಅಡಿ. ನಡುವೆ ಉಳಿದದ್ದು 6 ಅಡಿ, ಅಂದರೆ 1.8 ಮೀಟರ್. ಹತ್ತು ಮೀಟರ್ ನೀರಿಗೆ ಸುಮಾರು 1 ಬಾರ್ ಒತ್ತಡ ಸಿಗುತ್ತದೆ, ನನ್ನದು 0.18 ಬಾರ್ ಅಷ್ಟೇ. ಇಷ್ಟು ಕಡಿಮೆ ಒತ್ತಡವನ್ನು ಸಣ್ಣ ಪೈಪು, ಆರು ಎಲ್ಬೋ ಸೇರಿ ತಿಂದುಹಾಕಿದ್ದವು. ಪಂಪು ಹಾಕಿಸು ಎಂದರು ಕೆಲವರು. ಕೊಯ್ಲಿನ ಸಂಜೆ ಕರೆಂಟು ಇಲ್ಲದಿದ್ದರೆ?

ಮೂರನೇ ವಾರ ಎಲ್ಲ ಕಿತ್ತು ಮುಕ್ಕಾಲು ಇಂಚಿನದು ಹಾಕಿದೆ, ಒಳಬಾಯಿಯ ವಿಸ್ತೀರ್ಣ ಸುಮಾರು ಎರಡು ಪಟ್ಟು. ಎಲ್ಬೋ ಮೂರಕ್ಕೆ ಇಳಿಯಿತು. ಶವರ್ ಒಳಗೆ ನೀರು ಉಳಿಸಲು ಇಟ್ಟ ಪ್ಲಾಸ್ಟಿಕ್ ಬಿಲ್ಲೆಯನ್ನೂ ತೆಗೆದೆ. ಈಗ ಅದೇ ಬಕೆಟ್ ಎರಡೂವರೆ ನಿಮಿಷಕ್ಕೆ ತುಂಬುತ್ತದೆ. ತುಂಬಿದ ಬಕೆಟ್ ಮುಂದೆ ಸುಮ್ಮನೆ ನಿಂತುಬಿಟ್ಟೆ.

ನಿನ್ನೆ ಬಿಸಿಲಿನ ಕಾಟಕ್ಕೆ ಮದ್ದು. ಮಾಳಿಗೆಯ ಮೇಲಿನ ಪೈಪಿಗೆ ಬಿಳಿ ಬಣ್ಣ ಬಳಿದೆ, ನೀರಿನಲ್ಲಿ ಕಲೆಸುವಂಥದ್ದು. ಆಯಿಲ್ ಪೇಂಟ್ ಈ ಪೈಪಿಗೆ ಒಳ್ಳೆಯದಲ್ಲ. ಮಧ್ಯಾಹ್ನ ಪೈಪಿನಲ್ಲಿ ನಿಂತು ಸುಡುವ ನೀರನ್ನು ಮೊದಲು ಬಿಟ್ಟುಬಿಡಲು ಮೊಣಕಾಲೆತ್ತರಕ್ಕೆ ಒಂದು ನಲ್ಲಿಯನ್ನೂ ಕೂಡಿಸಿದೆ. ಶವರಿನ ವಾಲ್ವು ಎಡಗಡೆ, ಸೊಂಟದ ಎತ್ತರಕ್ಕೆ. ಕಾಲು ಸುತ್ತು ತಿರುಗಿಸಿದರೆ ಸಾಕು, ಬಲಗೈ ಎತ್ತುವ ಕೆಲಸವಿಲ್ಲ.

ಸಂಜೆ ಅಪ್ಪ ಮೊದಲ ಸಲ ನಿಂತರು. ನೀರು ನಿಂತ ಸದ್ದು ಕೇಳಲು ಬಹಳ ಹೊತ್ತು ಬೇಕಾಯಿತು. ಹೊರಗೆ ಬಂದವರು ಕೇಳಿದ್ದು ಒಂದೇ, ಟವೆಲ್ಲಿಗೆ ಗೂಟ ಎಲ್ಲಿ ಎಂದು. ಬರುವ ಭಾನುವಾರ ಅದನ್ನೂ ಎಡಗಡೆಗೇ ಹೊಡೆಯುತ್ತೇನೆ.