ಬಾಗಿಲವರೆಗಿನ ಪ್ರವಾಸ

ಉತ್ತರ ಧ್ರುವಕ್ಕೆ ಹತ್ತಿರದ ನಾರ್ವೆಯ ದ್ವೀಪಸಮೂಹವಾದ ಸ್ವಾಲ್‌ಬಾರ್ಡ್‌ನ ಲಾಂಗ್‌ಇಯರ್‌ಬೀನ್‌ಗೆ ಬಂದು ಮೂರು ದಿನಗಳಾದವು; ರಾತ್ರಿಯೆಂಬುದನ್ನು ಇನ್ನೂ ಕಂಡಿಲ್ಲ. ಉತ್ತರ ಅಕ್ಷಾಂಶ 78 ಡಿಗ್ರಿಯಲ್ಲಿರುವ ಈ ಊರು 1906ರಲ್ಲಿ ಜಾನ್ ಮನ್ರೋ ಲಾಂಗ್‌ಇಯರ್ ಎಂಬ ಅಮೆರಿಕನ್ ಉದ್ಯಮಿ ಕಲ್ಲಿದ್ದಲಿಗಾಗಿ ಹುಟ್ಟುಹಾಕಿದ್ದು. ಗಣಿಕಾರ್ಮಿಕರು ಇದ್ದಿಲ ಧೂಳು ಒಳಗೆ ಬಾರದಿರಲೆಂದು ಬೂಟುಗಳನ್ನು ಹೊಸ್ತಿಲಲ್ಲೇ ಕಳಚುತ್ತಿದ್ದ ರೂಢಿ ಇಂದಿಗೂ ಉಳಿದಿದೆ. ವಸ್ತುಸಂಗ್ರಹಾಲಯವನ್ನು ಕಾಲುಚೀಲದಲ್ಲೇ ಸುತ್ತುವಾಗ, ನಮ್ಮಜ್ಜಿ ಇಲ್ಲಿದ್ದಿದ್ದರೆ ಈ ಊರಿನವರನ್ನು ತಕ್ಷಣ ಮೆಚ್ಚಿಕೊಳ್ಳುತ್ತಿದ್ದರು ಎನಿಸಿತು.

ಊರಂಚಿನಲ್ಲಿ ಹಿಮಕರಡಿಯ ಚಿತ್ರವಿರುವ ತ್ರಿಕೋನ ಫಲಕವಿದೆ. ಅದರ ಕೆಳಗೆ ನಾರ್ವೇಜಿಯನ್ ಭಾಷೆಯಲ್ಲಿ ‘ಇಡೀ ಸ್ವಾಲ್‌ಬಾರ್ಡ್‌ಗೆ ಅನ್ವಯ’ ಎಂದು ಬರೆದಿದೆ. ಬಂದೂಕುಧಾರಿ ಮಾರ್ಗದರ್ಶಿಯಿಲ್ಲದೆ ನಾನಂತೂ ಅದನ್ನು ದಾಟಲಿಲ್ಲ.

ನಾನು ಮುಖ್ಯವಾಗಿ ನೋಡಬಂದದ್ದು ಜಗತ್ತಿನ ಬೆಳೆಗಳ ಬೀಜಗಳನ್ನು ಕಾಪಿಡಲು 2008ರಲ್ಲಿ ಆರಂಭವಾದ ಜಾಗತಿಕ ಬೀಜ ಭಂಡಾರವನ್ನು. ಪ್ರವಾಸಿಗರಿಗೆ ಒಳಗೆ ಪ್ರವೇಶವಿಲ್ಲ, ಕಾಣುವುದು ಬೆಟ್ಟದಿಂದ ಚಾಚಿದ ಕಿರಿದಾದ ಕಾಂಕ್ರೀಟ್ ದ್ವಾರ ಮಾತ್ರ. ಮೈನಸ್ 18 ಡಿಗ್ರಿ ಚಳಿಯಲ್ಲಿ ಲಕ್ಷಾಂತರ ತಳಿಗಳ ಬೀಜಗಳು ಮಲಗಿರುವ ಆ ಬೆಟ್ಟದೆದುರು ಗಾಳಿಗೆ ಕಣ್ಣು ಕಿರಿದಾಗಿಸಿಕೊಂಡು ನಿಂತಾಗ, ರಾಗಿಯನ್ನು ಬೂದಿ ಬೆರೆಸಿ ಮಡಕೆಯಲ್ಲಿಟ್ಟು ಬಾಯಿ ಮೆತ್ತುತ್ತಿದ್ದ ಅಜ್ಜಿಯೇ ಮತ್ತೆ ನೆನಪಾದರು. ಆ ಮಡಕೆಯನ್ನೂ ಅವರು ನಮಗೆ ಮುಟ್ಟಗೊಡುತ್ತಿರಲಿಲ್ಲ.